ಮೆಟ್ನರ್ ಅಷ್ಟು ಜೋರಾಗಿ ಓಡಿದ್ದರಾ?

ದೊಡ್ಡಪ್ಪ: ಎಲ್ಲರೂ ಕೇಳಿ. ರಷ್ಯಾದ ನಿಕೊಲಾಯ್ ಮೆಟ್ನರ್ ಬರೆದ ಮೂರನೇ ಪಿಯಾನೋ ಕಾನ್ಸರ್ಟೋ, ಅಂದರೆ ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ಕೃತಿ. ನುಡಿಸಿದ್ದೂ ಅವರೇ, 1947ರಲ್ಲಿ, ಲಂಡನ್‌ನಲ್ಲಿ. ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಸ್ನೇಹಿತನ ಮನೆಯಲ್ಲಿ ಪ್ಲೇಟು ಹಾಕಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಎಷ್ಟು ಚುರುಕು ನೋಡಿ! ಈಗಿನವರು ಇದನ್ನೇ ಎಳೆದೆಳೆದು ನುಡಿಸುತ್ತಾರೆ.

ಚಿಕ್ಕಮ್ಮ: ಭಾವ, ಕರಕರ ಸದ್ದೇ ಜಾಸ್ತಿ 😄 ಆದ್ರೂ ಚೆನ್ನಾಗಿದೆ. ಕೀರವಾಣಿ ತರ ಕೇಳುತ್ತೆ, ಅಲ್ವಾ?

ಅಣ್ಣ: ಅದರ ಹತ್ತಿರ ಬರುತ್ತೆ ಚಿಕ್ಕಮ್ಮ, ಆದರೆ ರಾಗ ಅಲ್ಲ. ಇದು ಇ ಮೈನರ್, ಇ ಸ್ವರವನ್ನು ಆಧಾರ ಮಾಡಿಕೊಂಡ ಪಾಶ್ಚಾತ್ಯ ಸ್ವರಶ್ರೇಣಿ. ನಮ್ಮಲ್ಲಿ ಷಡ್ಜ ಕೂತಲ್ಲೇ ಕೂತಿರುತ್ತೆ. ಇಲ್ಲಿ ಷಡ್ಜವೇ ಊರು ಸುತ್ತಿ ಬರುತ್ತೆ. ದೊಡ್ಡಪ್ಪ, ಚುರುಕು ಅಂದಿರಲ್ಲ, ನಾನು ಒಪ್ಪಲ್ಲ. ಮೊದಲ ಭಾಗದ ಮೇಲೆ 'ಕಾನ್ ಮೋಟೋ ಲಾರ್ಗಾಮೆಂಟೆ' ಅಂತ ಬರೆದಿದ್ದಾರೆ. ನಡೆ ನಿಲ್ಲಬಾರದು, ಆದರೆ ವಿಶಾಲವಾಗಿರಬೇಕು ಅಂತ. ಇದು ಬಸ್ ಹಿಡಿಯೋಕೆ ಹೊರಟ ಹಾಗಿದೆ.

ದೊಡ್ಡಪ್ಪ: ಬರೆದವರೇ ನುಡಿಸಿದ್ದಾರೆ ಕಣೋ. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ? ನಮ್ಮ ಮಹಾರಾಜರಿಗೋಸ್ಕರ ಬರೆದದ್ದು. ಅರಮನೆಯ ಗತ್ತು ಅದು.

ಅಣ್ಣ: ಅವರಿಗೋಸ್ಕರ ಬರೆದದ್ದಲ್ಲ. 1943ಕ್ಕೇ ಮುಗಿದಿತ್ತು. 1944ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ಮೊದಲ ಸಲ ನುಡಿಸಿದರು. ಮಹಾರಾಜರಿಗೆ ಅರ್ಪಿಸಿದ್ದು ಆಮೇಲೆ, ಮಾಡಿದ ಉಪಕಾರ ನೆನೆದು. ಬರೆಯುವಾಗ ಮೆಟ್ನರ್ ಮನಸ್ಸಿನಲ್ಲಿದ್ದದ್ದು ರಷ್ಯಾದ ಕವಿ ಲೆರ್ಮೊಂಟೊವ್‌ನ ಒಂದು ಪದ್ಯ. ಬೆಳದಿಂಗಳು, ಹೊಳೆ, ಹಾಡುವ ಜಲಕನ್ಯೆ. ತಳದಲ್ಲಿ ಒಬ್ಬ ಯೋಧ ಮಲಗಿದ್ದಾನೆ. ಅವಳು ಎಷ್ಟು ಮುದ್ದಿಸಿದರೂ ಕಣ್ಣು ಬಿಡಲ್ಲ. ಇದರಲ್ಲಿ ಗತ್ತು ಎಲ್ಲಿಂದ ಬಂತು?

ಚಿಕ್ಕಮ್ಮ: ಅಯ್ಯೋ ಪಾಪ.

ನಾನು: ಒಂದು ನಿಮಿಷ ಇರಿ. ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿದ್ದೇನೆ. ಇ ಅಂದರೆ ಮೂರನೇ ಬಿಳಿ ಮನೆ. ದೊಡ್ಡಪ್ಪ ಕಳಿಸಿದ್ದು ನಾಲ್ಕನೇ ಮನೆಗೆ ಕೂಡುತ್ತಿದೆ. ಇ ಮೈನರ್ ಹೋಗಿ ಎಫ್ ಮೈನರ್ ಆಗಿದೆ!

ದೊಡ್ಡಪ್ಪ: ಸುಮ್ನಿರು. ಮೊದಲು ನಿನ್ನ ಹಾರ್ಮೋನಿಯಂ ಸರಿ ಇದೆಯಾ ನೋಡು.

ನಾನು: ಫೋನಿನ ಟ್ಯೂನರ್‌ನಲ್ಲೂ ನೋಡಿದೆ ದೊಡ್ಡಪ್ಪ. ಪ್ಲೇಟು ಜೋರಾಗಿ ತಿರುಗಿದೆ. ಅರ್ಧ ಸ್ವರ ಏರಿದೆ ಅಂದರೆ ವೇಗ ನೂರಕ್ಕೆ 6ರಷ್ಟು ಜಾಸ್ತಿ ಆಗಿದೆ ಅಂತ ಲೆಕ್ಕ. ನಿಮಿಷಕ್ಕೆ 78 ಸುತ್ತು ಹೋಗಬೇಕಾದ್ದು 82, 83 ಹೋಗಿದೆ. ಚುರುಕು ಗ್ರಾಮಫೋನಿನದ್ದು, ಮೆಟ್ನರ್ ಅವರದ್ದಲ್ಲ.

ಅಣ್ಣ: 😂😂 ಆಗ ಅವರಿಗೆ 67 ವರ್ಷ. ಇಷ್ಟು ಓಡ್ತಾರಾ ಅಂತ ನನಗೂ ಅನಿಸಿತ್ತು.

ನಾನು: ನಗಬೇಡ, ನಿನ್ನದೂ ಪೂರ್ತಿ ಸರಿ ಇಲ್ಲ. ಕಂಪ್ಯೂಟರ್‌ನಲ್ಲಿ ವೇಗ, ಶ್ರುತಿ ಎರಡನ್ನೂ ಇಳಿಸಿ ಕೇಳಿದೆ. ಆಗಲೂ ಎಲ್ಲೂ ಎಳೆದಿಲ್ಲ. ಆದರೆ ಕೀರಲು ಹೋಯ್ತು. ಎಡಗೈ ಈಗ ನೀರು ಹರಿದ ಹಾಗೆ ಕೇಳುತ್ತೆ. ಮೊದಲು ಜಲಕನ್ಯೆಗೆ ಯಾಕೋ ಸಿಟ್ಟು ಬಂದಿದೆ ಅನಿಸ್ತಿತ್ತು.

ದೊಡ್ಡಪ್ಪ: ಕಂಪ್ಯೂಟರ್ ಮಾಡಿದ್ದನ್ನೆಲ್ಲ ನಾನು ನಂಬಲ್ಲ.

(ಮರುದಿನ ಸಂಜೆ)

ದೊಡ್ಡಪ್ಪ: ಸ್ನೇಹಿತನ ಮನೆಗೆ ಹೋಗಿದ್ದೆ. ವೇಗದ ತಿರುಪು ಕೊನೇವರೆಗೂ ತಿರುಗಿತ್ತು. ಮೊಮ್ಮಗ ಆಟ ಆಡಿದ್ದಂತೆ. ಸರಿ ಮಾಡಿ ಮೊದಲನೆಯದು ಕಳಿಸಿದ್ದೇನೆ.

ಚಿಕ್ಕಮ್ಮ: ಭಾವ, ಇಷ್ಟು ಬೇಗ ನಿಂತೇಹೋಯ್ತಲ್ಲ? ಅವಳಿನ್ನೂ ಹಾಡ್ತಾನೇ ಇದ್ದಳು.

ದೊಡ್ಡಪ್ಪ: ತಡಿಯಮ್ಮ, ಪ್ಲೇಟು ಮಗುಚಿ ಹಾಕಬೇಕು.