ಕೇಮನ್: 2007ರ ತುಂಬಿದ ಎಸ್ ತಗೊಳ್ಳಲೋ, 2010ರ ಬೋಳು 2.9 ತಗೊಳ್ಳಲೋ?

ಆರನೇ_ಗೇರ್:

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದಿಂದ ಮನಸ್ಸಲ್ಲೇ ಇಟ್ಟುಕೊಂಡಿದ್ದ ಆಸೆ ಈಗ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಅದಕ್ಕೇ ತಪ್ಪು ಮಾಡಿಬಿಟ್ಟೇನೋ ಅಂತ ಭಯ. ಎರಡು ಕಾರು ನೋಡಿಟ್ಟಿದ್ದೇನೆ, ಎರಡೂ ಪೋರ್ಶೆ ಕೇಮನ್, ಎರಡಕ್ಕೂ ಕೇಳುತ್ತಿರುವ ಹಣ ಹೆಚ್ಚುಕಮ್ಮಿ ಒಂದೇ.

ಒಂದು 2007ರ ಕೇಮನ್ ಎಸ್, ಅಂದರೆ ಬೇಸ್ ಮಾಡೆಲ್‌ಗಿಂತ ಹೆಚ್ಚು ಶಕ್ತಿಯದು. 3.4 ಲೀಟರ್, 295 ಎಚ್‌ಪಿ, ಆರು ಗೇರಿನ ಮ್ಯಾನುಯಲ್. ಏನುಂಟು ಏನಿಲ್ಲ ಅನ್ನುವ ಹಾಗೆ ತುಂಬಿದ ಕಾರು: 19 ಇಂಚಿನ ಚಕ್ರ, ಪ್ಯಾಸಮ್ (ಎಲೆಕ್ಟ್ರಾನಿಕ್ ನಿಯಂತ್ರಣದ) ಸಸ್ಪೆನ್ಷನ್, ಸ್ಪೋರ್ಟ್ ಕ್ರೋನೋ, ಹಳದಿ ಕ್ಯಾಲಿಪರಿನ (ಡಿಸ್ಕನ್ನು ಹಿಡಿಯುವ ಭಾಗ) ಸೆರಾಮಿಕ್ ಬ್ರೇಕ್. ಇನ್ನೊಂದು 2010ರ ಬೇಸ್ ಕೇಮನ್, 2.9 ಲೀಟರ್, 265 ಎಚ್‌ಪಿ, ಅದೂ ಆರು ಗೇರಿನ ಮ್ಯಾನುಯಲ್. ಅದರಲ್ಲಿ ಸ್ಪೋರ್ಟ್ ಸೀಟು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಚಕ್ರ 17 ಇಂಚಿನದು.

ರಜಾದಿನ ಬೆಳಗಿನ ಜಾವ ಘಾಟಿ ರಸ್ತೆ, ವರ್ಷಕ್ಕೆ ಎರಡು ಸಲ ಟ್ರ್ಯಾಕ್. ಅಷ್ಟೇ ನನ್ನ ಓಡಾಟ. ಎತ್ತರ ಆರಡಿ. ಎಸ್ ಅನ್ನುವ ಅಕ್ಷರ ನೋಡಿದರೇ ಮನಸ್ಸು ಅತ್ತ ಹೋಗುತ್ತದೆ. ಆದರೆ ಮೂರು ವರ್ಷ ಹೊಸದು ಅನ್ನುವುದಕ್ಕೂ ಬೆಲೆ ಇರಬೇಕಲ್ಲವೇ? ವರ್ಷ ನೋಡಬೇಕೋ, ಆಪ್ಷನ್ ನೋಡಬೇಕೋ? ಇಟ್ಟುಕೊಂಡು ಓಡಿಸಿದವರು ದಯವಿಟ್ಟು ಹೇಳಿ.

ಫ್ಲಾಟ್_ಸಿಕ್ಸ್:

ಎಸ್ ತಗೊಳ್ಳಿ ಸರ್. ಮೂವತ್ತು ಎಚ್‌ಪಿ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು, ಆದರೆ ಎಳೆತ 300 ನ್ಯೂಟನ್ ಮೀಟರ್ ಎಲ್ಲಿ, 340 ಎಲ್ಲಿ! ಮೂರನೇ ಗೇರಲ್ಲಿ ತಿರುವಿನಿಂದ ಹೊರಗೆ ಬರುವಾಗ ಗೊತ್ತಾಗುತ್ತದೆ. ತಗೊಳ್ಳುವ ಮುಂಚೆ ಗೊತ್ತಿರುವವರ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಿ, ಸಾಕು.

ಮಧ್ಯದ_ಎಂಜಿನ್:

ಆರನೇ ಗೇರ್ ಅವರೇ, ನಾನು ಒಂಬತ್ತು ವರ್ಷದಿಂದ 2009ರ ಕೇಮನ್ ಎಸ್ ಓಡಿಸುತ್ತಿದ್ದೇನೆ, ಅದಕ್ಕೂ ಮೊದಲು ನಾಲ್ಕು ವರ್ಷ 2005ರ ಬಾಕ್ಸ್‌ಸ್ಟರ್ (ಕೇಮನ್‌ನದೇ ತೆರೆಯುವ ಮೇಲ್ಛಾವಣಿಯ ಜೋಡಿ ಕಾರು) ಇತ್ತು. ಎರಡನ್ನೂ ಕೊಳ್ಳುವಾಗ ತಪ್ಪು ಮಾಡಿದ್ದೇನೆ. ನೀವು ಮಾಡಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಪ್ಷನ್ ಪಟ್ಟಿಯನ್ನು ಎರಡು ಭಾಗ ಮಾಡಿ. ಆಮೇಲೆ ಹಾಕಿಸಿಕೊಳ್ಳಬಹುದಾದದ್ದು ಒಂದು ಕಡೆ, ಏನು ಮಾಡಿದರೂ ಹಾಕಿಸಿಕೊಳ್ಳಲಾಗದ್ದು ಇನ್ನೊಂದು ಕಡೆ. ಚಕ್ರ, ಸೈಲೆನ್ಸರ್, ಸ್ಟೀರಿಯೊ, ಬ್ರೇಕ್ ಪ್ಯಾಡ್ ಇವೆಲ್ಲ ಒಂದು ಭಾನುವಾರದ ಕೆಲಸ. ಇವನ್ನು ನೋಡಿ ಕಾರು ಆರಿಸಬೇಡಿ. ಎಂಜಿನ್ ಯಾವ ತಲೆಮಾರಿನದು, ಗೇರ್‌ಬಾಕ್ಸ್ ಯಾವುದು, ಸೀಟು ನಿಮ್ಮ ಮೈಗೆ ಹೊಂದುತ್ತದೆಯೇ, ಇವು ಕೊಂಡ ದಿನ ಹೇಗಿರುತ್ತವೋ ಕೊನೆತನಕ ಹಾಗೇ. ಹಣದ ಲೆಕ್ಕವೆಲ್ಲ ಈ ಎರಡನೇ ಪಟ್ಟಿಗೆ ಹೋಗಬೇಕು.

ಈಗ ವರ್ಷದ ಮಾತು. 987 ಸರಣಿಯಲ್ಲಿ (ನೀವು ನೋಡಿರುವ ಎರಡೂ ಕಾರಿನ ಕಾರ್ಖಾನೆ ಸಂಕೇತ ಅದು) ನಿಜವಾದ ಗೆರೆ ಇರುವುದು 2009ರ ಮಾಡೆಲ್ ವರ್ಷದಲ್ಲಿ. ಅದಕ್ಕಿಂತ ಹಿಂದಿನ ಎಂಜಿನ್ ಒಳಗೆ ಇಂಟರ್ಮೀಡಿಯಟ್ ಶಾಫ್ಟ್ ಅಂತ ಒಂದಿದೆ. ಕ್ರ್ಯಾಂಕಿನ ತಿರುಗುವಿಕೆಯನ್ನು ಕ್ಯಾಮ್ ಚೈನುಗಳಿಗೆ ಮುಟ್ಟಿಸುವುದು ಅದರ ಕೆಲಸ. ಅದರ ತುದಿಯ ಬೇರಿಂಗ್ ಪುಡಿಯಾದರೆ ಚೈನಿನ ಲೆಕ್ಕ ತಪ್ಪಿ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ ಮುಗಿಯಿತು. 2006ರಿಂದ ಈಚೆಗೆ ದೊಡ್ಡ ಬೇರಿಂಗ್ ಹಾಕಿದರು, ಅದು ಕೈಕೊಡುವುದು ಬಹಳ ಅಪರೂಪ. ಹಾಗಾಗಿ ನಿಮ್ಮ 2007ಕ್ಕೆ ಈ ಭಯ ಅಷ್ಟಿಲ್ಲ. ಆದರೆ ಮುಂಜಾಗ್ರತೆಗೆ ಅಂತ ಬದಲಾಯಿಸೋಣ ಅಂದರೆ ಎಂಜಿನ್ ಕೇಸನ್ನೇ ಇಬ್ಭಾಗ ಮಾಡಬೇಕು. ನನ್ನ 2005ರ ಗಾಡಿಯಲ್ಲಿ ಚಿಕ್ಕ ಬೇರಿಂಗ್ ಇತ್ತು, ಕ್ಲಚ್ ಬಿಚ್ಚಿದಾಗಲೇ ಅದನ್ನೂ ಬದಲಾಯಿಸಲು ಸಾಧ್ಯವಾಯಿತು. ಕೊಳ್ಳುವಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಬಣ್ಣ ನೋಡಿ ಕೊಂಡಿದ್ದೆ.

2009ರಿಂದ ಬಂದ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಆ 2.9ರ ಬಗ್ಗೆ ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದಿಲ್ಲ. ಅದೇ ತಲೆಮಾರಿನ ಎಸ್‌ನ 3.4ಕ್ಕೆ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲು ನೇರ ಸಿಲಿಂಡರಿನೊಳಗೆ) ಕೊಟ್ಟು 320 ಎಚ್‌ಪಿ ಮಾಡಿದರು, 2.9ಕ್ಕೆ ಮಾತ್ರ ಹಳೇ ಪದ್ಧತಿಯಲ್ಲೇ ಪೆಟ್ರೋಲು ವಾಲ್ವಿನ ಹಿಂದುಗಡೆ ಸಿಂಪಡಿಸುವುದನ್ನು ಉಳಿಸಿಕೊಂಡರು. ವಾಲ್ವು ಪೆಟ್ರೋಲಲ್ಲಿ ತೊಳೆಯುತ್ತಲೇ ಇರುತ್ತದೆ, ಮಸಿ ಕಟ್ಟುವುದಿಲ್ಲ. ಅತ್ಯಂತ ಸರಳವಾದ, ತಲೆನೋವು ಕಡಿಮೆ ಇರುವ ಎಂಜಿನ್ ಅದು. ಬೋಳು ಅಂತ ಕರೆದಿದ್ದೀರಿ. ನಾನು ಹಾಗೆ ಕರೆಯಲಾರೆ.

ಗಾಡಿ ಯಾವ ವರ್ಷದ್ದು ಅನ್ನುವುದನ್ನು ನೋಂದಣಿ ಪುಸ್ತಕದಲ್ಲಿ ನೋಡಿ ನಂಬಬೇಡಿ. 2009ರಲ್ಲಿ ನೋಂದಣಿಯಾದ 2008ರ ಮಾಡೆಲ್ ಇರಬಹುದು. ಚಾಸಿ ನಂಬರಿನ ಹತ್ತನೇ ಅಕ್ಷರ ನೋಡಿ: 7 ಇದ್ದರೆ 2007, 9 ಇದ್ದರೆ 2009, ಇಂಗ್ಲಿಷಿನ ಎ ಇದ್ದರೆ 2010. ಮುಂದಿನ ಬಂಪರಿನಲ್ಲಿ ಸಾಲಾಗಿ ಎಲ್‌ಇಡಿ ದೀಪ ಇದ್ದರೂ ಅದು ಹೊಸ ತಲೆಮಾರು.

ಈಗ ನನ್ನ ಎರಡನೇ ತಪ್ಪು. ಈ ಎಸ್ ಮಾರಿದವರು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಸಾಧನ) ಇದೆ ಅಂದರು. ನಂಬಿದೆ. ಮೊದಲ ತಿಂಗಳೇ ಏರು ದಾರಿಯ ಹೇರ್‌ಪಿನ್ ತಿರುವಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರ ಸುಮ್ಮನೆ ಜಾರಿ ತಿರುಗುವುದು, ಕಾರು ಮುಂದಕ್ಕೆ ಹೋಗಲೊಲ್ಲದು. ಆಗ ಮುಂದಿನ ಬಾನೆಟ್ ಎತ್ತಿ ಅದರ ಒಳಮೈಯಲ್ಲಿ ಅಂಟಿಸಿದ್ದ ಬಿಳಿ ಚೀಟಿ ಓದಿದೆ. ಚಾಸಿ ನಂಬರು, ಬಣ್ಣದ ಸಂಕೇತ, ಅದರ ಕೆಳಗೆ ಸಾಲುಸಾಲಾಗಿ ಮೂರಂಕಿಯ ಸಂಖ್ಯೆಗಳು. ಕಾರ್ಖಾನೆಯಲ್ಲಿ ಹಾಕಿದ ಒಂದೊಂದು ಆಪ್ಷನ್ನಿಗೂ ಒಂದೊಂದು ಸಂಖ್ಯೆ. ಡಿಫರೆನ್ಷಿಯಲ್‌ನದು 220. ಬೆರಳಿಟ್ಟು ಎರಡು ಸಲ ಹುಡುಕಿದೆ. ಇರಲಿಲ್ಲ. ಈಗ ಹಾಕಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಒಂಬತ್ತು ವರ್ಷವಾಯಿತು, ಆ ತಿರುವು ಬಂದಾಗಲೆಲ್ಲ ಇವತ್ತಿಗೂ ಮನಸ್ಸಿಗೆ ಬೇಜಾರಾಗುತ್ತದೆ.

ನೀವು ಹೋದಾಗ ಮೊದಲ ಕೆಲಸ ಆ ಚೀಟಿಯ ಫೋಟೊ ತೆಗೆಯುವುದು. ಪ್ಯಾಸಮ್ ಅಂದರೆ 475. ಸೆರಾಮಿಕ್ ಬ್ರೇಕ್ ಅಂದರೆ 450. ಸರ್ವಿಸ್ ಪುಸ್ತಕದಲ್ಲೂ ಅದೇ ಚೀಟಿಯ ಇನ್ನೊಂದು ಪ್ರತಿ ಇರುತ್ತದೆ, ಎರಡನ್ನೂ ತಾಳೆ ನೋಡಿ. ಬಾನೆಟ್ಟಿನಲ್ಲಿ ಚೀಟಿಯೇ ಇಲ್ಲದಿದ್ದರೆ ಬಾನೆಟ್ ಬದಲಾಗಿದೆಯೋ, ಬಣ್ಣ ಹೊಡೆಸಿದ್ದಾರೋ ಅಂತ ಕೇಳಿ.

ಸೆರಾಮಿಕ್ ಬ್ರೇಕ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಟ್ರ್ಯಾಕಿಗೆ ಹೋಗುವವರಿಗೆ ಬೇಡ. ತೂಕ ಕಬ್ಬಿಣದ ಡಿಸ್ಕಿನ ಅರ್ಧದಷ್ಟು, ಧೂಳಿಲ್ಲ, ನೋಡಲು ಚೆಂದ, ಎಲ್ಲ ನಿಜ. ಆದರೆ ಚಕ್ರ ಬಿಚ್ಚುವಾಗ ರಿಮ್ಮು ತಗುಲಿ ಡಿಸ್ಕಿನ ಅಂಚು ಹಾರಿದರೆ ಆ ಡಿಸ್ಕು ಹೋಯಿತು ಅಂತಲೇ ಲೆಕ್ಕ, ಬದಲಾಯಿಸುವ ಖರ್ಚು ಎದೆ ನಡುಗಿಸುವಂಥದ್ದು. ಟ್ರ್ಯಾಕಿನಲ್ಲಿ ಪದೇ ಪದೇ ಕಾಯ್ದರೆ ಸವೆತವೂ ಹೆಚ್ಚು. ಸ್ಪೋರ್ಟ್ ಕ್ರೋನೋ ಮ್ಯಾನುಯಲ್ ಗಾಡಿಯಲ್ಲಿ ಆಕ್ಸಿಲರೇಟರನ್ನು ಸ್ವಲ್ಪ ಚುರುಕು ಮಾಡುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಗಡಿಯಾರ ಕೂರುತ್ತದೆ. ಪಿಡಿಕೆ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇದ್ದಿದ್ದರೆ ಬೇಕೇ ಬೇಕು ಅನ್ನುತ್ತಿದ್ದೆ, ನಿಮಗೆ ಬೇಕಿಲ್ಲ.

ಕೊನೆಯದು ಸೀಟು. ಆರಡಿ ಎತ್ತರದವರು ಟ್ರ್ಯಾಕಿಗೆ ಹೋಗುತ್ತೇನೆ ಅಂದಿರಿ. ನೋಡಲು ಹೋಗುವಾಗ ನಿಮ್ಮ ಹೆಲ್ಮೆಟ್ ತಗೊಂಡು ಹೋಗಿ. ಹಾಕಿಕೊಂಡೇ ಕೂತು, ಸೀಟು ಪೂರ್ತಿ ಇಳಿಸಿ, ತಲೆ ಮೇಲಕ್ಕೆ ತಗಲುತ್ತದೆಯೇ ನೋಡಿ. ಸ್ಟೀರಿಂಗ್ ಮೇಲೆ ಕೆಳಗೆ, ಮುಂದೆ ಹಿಂದೆ ಎರಡೂ ಸರಿಯುತ್ತದೆ, ಸರಿಸಿಕೊಂಡು ಕ್ಲಚ್ ಪೂರ್ತಿ ತುಳಿದು ನೋಡಿ. ಸೀಟಿನ ಪಕ್ಕೆಗಳು ತೊಡೆಯನ್ನು ಹಿಡಿಯಬೇಕು, ಒತ್ತಬಾರದು. ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಮುಕ್ಕಾಲು ಗಂಟೆ ಓಡಿಸಲು ಬಿಡಿ ಅಂತ ಕೇಳಿ.

ನನ್ನನ್ನೇ ಆರಿಸು ಅಂದರೆ 2010ರ ಕಾರು.

ಪಾನಾ_ಪೆಟ್ಟಿಗೆ:

ಮಧ್ಯದ ಎಂಜಿನ್ ಅವರು ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬೇರಿಂಗ್ ಬಗ್ಗೆ ಅಷ್ಟು ಬರೆದರು, ಬೋರ್ ಸ್ಕೋರಿಂಗ್ ಬಗ್ಗೆ ಒಂದು ಮಾತೂ ಬರೆಯಲಿಲ್ಲ. 2007ರ 3.4 ನೋಡುವಾಗ ಮೊದಲು ಕೇಳಬೇಕಾದ್ದು ಅದನ್ನೇ. ಪಿಸ್ಟನ್ನಿನ ಮೇಲಿನ ಲೇಪನ ಸವೆದು ಸಿಲಿಂಡರಿನ ಗೋಡೆಯಲ್ಲಿ ಗೀರು ಬೀಳುತ್ತದೆ. ಆ ಕಾಲದ ಬೇಸ್ ಕೇಮನ್‌ನ ಚಿಕ್ಕ 2.7 ಲೀಟರ್ ಎಂಜಿನ್ನಿನಲ್ಲಿ ಕಡಿಮೆ. ಲಕ್ಷಣ ಏನೆಂದರೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಟಕ್ ಟಕ್ ಸದ್ದು ಮತ್ತು ಆಯಿಲ್ ಕುಡಿಯುವುದು. ಸದ್ದಿಲ್ಲ ಅಂದ ಮಾತ್ರಕ್ಕೆ ಗೀರಿಲ್ಲ ಅಂತಲ್ಲ. ಬೋರೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆ) ಹಾಕಿ ನೋಡಲೇಬೇಕು. ಪ್ಲಗ್ಗಿನ ತೂತಿನಿಂದ ನೋಡಿದರೆ ಮೇಲಿನ ಭಾಗ ಅಷ್ಟೇ ಕಾಣುತ್ತದೆ, ಆಯಿಲ್ ಚೇಂಬರ್ ಇಳಿಸಿ ಕೆಳಗಿನಿಂದ ನೋಡಿದರೆ ಅನುಮಾನ ಪೂರ್ತಿ ಹೋಗುತ್ತದೆ.

ಇನ್ನೊಂದು, ಎರಡು ಗಾಡಿಗೂ ಕಂಪ್ಯೂಟರ್ ಹಚ್ಚಿ ಓವರ್‌ರೆವ್ ದಾಖಲೆ ತೆಗೆಸಿ. ಮ್ಯಾನುಯಲ್ ಗಾಡಿಯಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ, ಆಗ ರೆವ್ ಲಿಮಿಟರ್ ಏನೂ ಮಾಡಲಾರದು, ತಿರುಗಿಸುತ್ತಿರುವುದು ಚಕ್ರ. ಅದು ಎಷ್ಟು ಸಲ ಆಯಿತು, ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಕೊನೆಗೆ ಆಯಿತು, ಎಲ್ಲ ಒಳಗೆ ಬರೆದಿರುತ್ತದೆ. ನೂರಾರು ಗಂಟೆ ಹಿಂದೆ ಆಗಿದ್ದು, ಆಮೇಲೆ ಎಂಜಿನ್ ಚೆನ್ನಾಗೇ ಓಡಿದ್ದರೆ ಅಷ್ಟು ಚಿಂತೆ ಬೇಡ. ಮೊನ್ನೆ ಮೊನ್ನೆ ಆಗಿದ್ದರೆ ಎದ್ದು ಬನ್ನಿ.

ಪ್ಯಾಸಮ್ ಇದ್ದರೆ ನಾಲ್ಕೂ ಶಾಕ್ ಅಬ್ಸಾರ್ಬರ್ ಆಯಿಲ್ ಸೋರಿವೆಯೇ ನೋಡಿ, ಮಾಮೂಲಿ ಶಾಕಿಗಿಂತ ದುಬಾರಿ. ಕಾರು 10 ಮಿಲಿಮೀಟರ್ ತಗ್ಗಿರುತ್ತದೆ, ಉಬ್ಬು ತಗ್ಗಿನ ರಸ್ತೆಗೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. 17 ಇಂಚಿನ ಚಕ್ರಕ್ಕೆ ನಾಚಿಕೊಳ್ಳಬೇಡಿ, ಟೈರಿನ ಗೋಡೆ ದಪ್ಪ ಇದ್ದಷ್ಟೂ ಕೆಟ್ಟ ರಸ್ತೆಯಲ್ಲಿ ರಿಮ್ಮು ಉಳಿಯುತ್ತದೆ.

ಆರನೇ_ಗೇರ್:

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಇಬ್ಬರಿಗೂ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ಎರಡೂ ಕಾರು ನೋಡಿ ಬಂದೆ.

ಮೊದಲು ಎಸ್. ಬಾನೆಟ್ ಎತ್ತಿದೆ, ಚೀಟಿ ಇತ್ತು. 475 ಇದೆ. 450 ಇಲ್ಲ! ಮೂರು ಸಲ ಓದಿದೆ, ಸರ್ವಿಸ್ ಪುಸ್ತಕದಲ್ಲೂ ಇಲ್ಲ. ಕ್ಯಾಲಿಪರ್ ಮಾತ್ರ ಹಳದಿ. ಜೇಬಲ್ಲಿ ಬೀಗದ ಕೈ ಗೊಂಚಲಿಗೆ ಒಂದು ಸಣ್ಣ ಆಯಸ್ಕಾಂತ ಕಟ್ಟಿಕೊಂಡಿದ್ದೆ. ಚಕ್ರದ ಕಡ್ಡಿಗಳ ನಡುವೆ ಕೈ ತೂರಿಸಿ, ಪ್ಯಾಡು ಉಜ್ಜುವ ಹೊರಗಿನ ಬಳೆಗೆ ಮುಟ್ಟಿಸಿದರೆ ಟಕ್ಕನೆ ಅಂಟಿಕೊಂಡಿತು. ಕಬ್ಬಿಣದ ಡಿಸ್ಕು, ಕ್ಯಾಲಿಪರಿಗೆ ಬಣ್ಣ. ಕೇಳಿದರೆ, ನಾನು ಕೊಂಡಾಗಲೂ ಹಾಗೇ ಹೇಳಿದ್ದರು ಅಂದರು. ಅವರ ಮಾತು ನಿಜವೇ ಇರಬಹುದು, ಮುಖ ನೋಡಿದರೆ ಹಾಗನ್ನಿಸಿತು. ನನಗೆ ಕಬ್ಬಿಣದ ಡಿಸ್ಕೇ ಒಳ್ಳೆಯದು, ಆದರೆ ಉಳಿದ ಮಾತುಗಳ ಮೇಲೆ ಇದ್ದ ನಂಬಿಕೆ ಅಲ್ಲಾಡಿತು. ಆಯಿಲ್ ಚೇಂಬರ್ ಇಳಿಸಿ ನೋಡಲು ಒಪ್ಪಲಿಲ್ಲ.

2010ರ ಕಾರಿನಲ್ಲಿ ಹತ್ತನೇ ಅಕ್ಷರ ಎ. ಬಂಪರಲ್ಲಿ ಎಲ್‌ಇಡಿ. ಹೆಲ್ಮೆಟ್ ಹಾಕಿಕೊಂಡು ಕೂತೆ, ಸೀಟು ಪೂರ್ತಿ ಇಳಿಸಿದರೆ ತಲೆಗೂ ಮೇಲ್ಛಾವಣಿಗೂ ಮಧ್ಯೆ ಎರಡು ಬೆರಳು ಜಾಗ. ಒಂದು ಗಂಟೆ ಓಡಿಸಲು ಕೊಟ್ಟರು. 4,000 ಆರ್‌ಪಿಎಂ ದಾಟಿದ ಮೇಲೆ ಬೆನ್ನ ಹಿಂದೆ ಆ ಎಂಜಿನ್ ಹಾಡುವ ರೀತಿ ಕೇಳಿ ಎಷ್ಟು ಎಚ್‌ಪಿ ಅನ್ನುವುದು ಮರೆತೇಹೋಯಿತು. ಮಾರುವವರು ಎಲ್ಲ ಬಿಲ್ಲುಗಳನ್ನೂ ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದಾರೆ. ಗುರುವಾರ ಗಾಡಿಯನ್ನು ಲಿಫ್ಟಿಗೆ ಹಾಕಿಸುತ್ತಿದ್ದೇನೆ, ಓವರ್‌ರೆವ್ ದಾಖಲೆ, ಬೋರೋಸ್ಕೋಪ್ ಎರಡಕ್ಕೂ ಒಪ್ಪಿದ್ದಾರೆ.

ಒಂದೇ ಅನುಮಾನ. ಟೈರಿನ ಟ್ರೆಡ್ಡಿನ ಗೀರುಗಳು ಹೊಸದರಂತೆ ಆಳವಾಗಿವೆ, ಆದರೆ ಗೋಡೆಯ ಮೇಲೆ ಸಣ್ಣ ಸಣ್ಣ ಬಿರುಕು ಕಂಡ ಹಾಗಾಯಿತು. ಅಷ್ಟು ಟ್ರೆಡ್ ಉಳಿದಿದ್ದರೆ ಓಡಿಸಬಹುದೇ?

ಪಾನಾ_ಪೆಟ್ಟಿಗೆ:

ಬೇಡ. ಗೋಡೆಯ ಮೇಲೆ ಡಾಟ್ ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2315 ಅಂತಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ಆ ಸಾಲು ಕೆಲವೊಮ್ಮೆ ಒಳಮಗ್ಗುಲಲ್ಲಿ ಇರುತ್ತದೆ, ಲಿಫ್ಟಿಗೆ ಏರಿದಾಗ ಟಾರ್ಚ್ ಹಿಡಿದು ನಾಲ್ಕೂ ಚಕ್ರದ್ದು ಬರೆದುಕೊಳ್ಳಿ. ಬಿರುಕು ಬಿಟ್ಟ ಟೈರಿನಲ್ಲಿ ಟ್ರ್ಯಾಕಿಗಂತೂ ಇಳಿಯಲೇಬೇಡಿ. ನಾಲ್ಕು ಹೊಸ ಟೈರಿನ ಖರ್ಚು ಹೇಳುವ ಬೆಲೆಯಲ್ಲಿ ಕಳೆಯಲು ಗುರುವಾರವೇ ಕೇಳಿ.

ಮಧ್ಯದ_ಎಂಜಿನ್:

ಎರಡು ಬೆರಳು ಜಾಗ ಸಾಕು. ನನಗೆ ಒಂದೇ ಬೆರಳು. ಬೋರೋಸ್ಕೋಪಿನ ಫೋಟೊ ಬಂದ ಕೂಡಲೇ ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.