ರಿಟೈರ್ ಆದ್ಮೇಲೆ ಮರಗೆಲಸ ಕಲಿಬೇಕು ಅಂತಿದೀನಿ, ಮೊದಲು ಏನು ತಗೊಳ್ಳಲಿ?

ಬಗ್ಗಿದ ಮೊಳೆ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ರಿಟೈರ್ ಆದೆ. ಇಷ್ಟು ವರ್ಷ ಲೆಕ್ಕಪತ್ರದ ಮುಂದೆ ಕೂತವನು, ಸುತ್ತಿಗೆ ಹಿಡಿದಿದ್ದು ಗೋಡೆಗೆ ಮೊಳೆ ಹೊಡೆಯೋಕೆ ಮಾತ್ರ, ಅದೂ ಬಗ್ಗಿಹೋಗಿದ್ದೇ ಜಾಸ್ತಿ. ಈಗ ಮೊಮ್ಮಗಳಿಗೆ ಒಂದು ಪುಟ್ಟ ಸ್ಟೂಲ್ ಮಾಡ್ಬೇಕು ಅಂತ ಆಸೆ. ವಿಡಿಯೋ ನೋಡಿದ್ರೆ ಎಲ್ಲರ ಹತ್ರನೂ ಟೇಬಲ್ ಸಾ (ಮೇಜಿಗೆ ಕೂರಿಸಿದ ಕರೆಂಟ್ ಗರಗಸ), ರೂಟರ್ (ಮರದಲ್ಲಿ ಕಾಲುವೆ ಕೊರೆಯೋ ಯಂತ್ರ) ಏನೇನೋ ಇದೆ. ಮಗ ಟೇಬಲ್ ಸಾ ತಗೊಂಡ್ಬಿಡಿ ಅಪ್ಪ ಅಂತಾನೆ, ಮನೆಯವ್ಳು ಆ ಸದ್ದು ಮನೆ ಒಳಗೆ ಬಂದ್ರೆ ನಾನು ಹೊರಗೆ ಅಂತಾಳೆ. ಇರೋ ಜಾಗ ಒಂದು ಮೂಲೆ. ಬಲಗೈ ಹೆಬ್ಬೆರಳ ಬುಡದಲ್ಲಿ ಸ್ವಲ್ಪ ನೋವೂ ಇದೆ. ಈ ವಯಸ್ಸಲ್ಲಿ ಆಗೋ ಕೆಲಸಾನಾ ಇದು?

ಸಾಣೆಕಲ್ಲು:
ಆಗತ್ತೆ ಸರ್, ಧಾರಾಳವಾಗಿ ಆಗತ್ತೆ. ಟೇಬಲ್ ಸಾ ಈಗಲೇ ಬೇಡ. ಒಂದು ಒಳ್ಳೆ ಗರಗಸ, ಎರಡು ಉಳಿ (ಒಂದು ಅರ್ಧ ಇಂಚಿಂದು, ಒಂದು ಮುಕ್ಕಾಲು ಇಂಚಿಂದು), ಒಂದು ಕೊಡತಿ (ಮರದ ಸುತ್ತಿಗೆ), ಒಂದು ಹತ್ತರಿ (ಮರ ಹೆರೆದು ನುಣುಪು ಮಾಡೋದು), ಮೂಲೆಮಟ್ಟ (ಮೂಲೆ ನೇರ ಇದೆಯಾ ನೋಡೋದು), ಆಮೇಲೆ ಒಂದು ಸಾಣೆಕಲ್ಲು. ಕಲ್ಲನ್ನ ಕೊನೇಲಿ ಹೇಳ್ದೆ, ಆದ್ರೆ ತಗೋಬೇಕಾಗಿದ್ದು ಅದನ್ನೇ ಮೊದಲು. ಹೊಸ ಉಳಿ ಅಂಗಡಿಯಿಂದ ಬಂದಾಗ ಕೆಲಸಕ್ಕೆ ಬರೋಷ್ಟು ಹರಿತ ಇರಲ್ಲ, ಇದು ಗೊತ್ತಿಲ್ದೆ ನಾನು ಆರು ತಿಂಗಳು ಮರಾನ ಬೈಕೊಂಡು ಓಡಾಡಿದೀನಿ. ಉಳಿಯ ಹಿಂಭಾಗ ಮೊದಲು ಚಪ್ಪಟೆ ಮಾಡ್ಕೊಳ್ಳಿ, ತುದಿಯ ಒಂದು ಇಂಚು ಸಾಕು, ಆಮೇಲೆ ಇಳಿಜಾರಿನ ಕಡೆ 25ರಿಂದ 30 ಡಿಗ್ರಿ ಕೋನದಲ್ಲಿ 1000 ಗ್ರಿಟ್ (ಗ್ರಿಟ್ ಅಂದ್ರೆ ಕಲ್ಲು ಎಷ್ಟು ನುಣುಪು ಅನ್ನೋ ಅಳತೆ) ಕಲ್ಲಿನ ಮೇಲೆ ಮಸೀರಿ, ಹಿಂಭಾಗದಲ್ಲಿ ಅಂಚಿಂದ ಮಡಚಿಕೊಂಡ ಲೋಹದ ತೆಳು ಏಣು ಬೆರಳಿಗೆ ತಾಗೋವರೆಗೂ, ಅದು ಬಂದ್ಮೇಲೆ ಇನ್ನೂ ನುಣುಪು ಕಲ್ಲಿಗೆ ಹೋಗಿ. ಹರಿತ ಆಗಿದೆಯಾ ಅಂತ ನೋಡೋಕೆ ಮೃದು ಮರದ ತುಂಡೊಂದರ ತುದಿಯನ್ನ, ಅಂದ್ರೆ ಮರದ ಎಳೆಗಳ ಕೊನೆ ಕಾಣೋ ಕಡೆ, ಉಳಿಯಿಂದ ತೆಳ್ಳಗೆ ಕತ್ತರಿಸಿ. ಪುಡಿಪುಡಿ ಆದ್ರೆ ಇನ್ನೂ ಮೊಂಡು, ನುಣುಪಾಗಿ ಹೊಳೆದ್ರೆ ಸರಿ.

ಎಡಗೈ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಹೆಬ್ಬೆರಳ ನೋವು ಇರೋರಿಗೆ ಎಲ್ಲಾ ಕೈಯಲ್ಲೇ ಮಾಡಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ನಂದೂ ಇದೇ ಕತೆ. ಸ್ಕ್ರೂ ತಿರುಗಿಸೋಕೆ ಬ್ಯಾಟರಿ ಡ್ರಿಲ್ ಇದ್ರೆ ಅರ್ಧ ನೋವು ಕಮ್ಮಿ. ಎಳೆದಾಗ ಕತ್ತರಿಸೋ ಜಪಾನಿ ಗರಗಸ ಸಿಕ್ರೆ ನೋಡಿ, ಬ್ಲೇಡ್ ತೆಳ್ಳಗಿರತ್ತೆ, ಬಲ ಕಮ್ಮಿ ಸಾಕು. ಇನ್ನೊಂದು, ತುಂಡನ್ನ ಯಾವತ್ತೂ ಕೈಯಲ್ಲಿ ಒತ್ತಿ ಹಿಡ್ಕೋಬೇಡಿ, ಕ್ಲ್ಯಾಂಪ್ ಹಾಕಿ. ಹಿಡಿಯೋ ಕೈಗೇ ಉಳಿ ಚುಚ್ಚೋದು, ನನ್ನ ಎಡಗೈ ಮೇಲಿನ ಕಲೆ ಅದರದ್ದೇ. ಮೇಜು ತೀರಾ ತಗ್ಗಾದ್ರೆ ಸೊಂಟ ಹೋಗತ್ತೆ, ನೇರ ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಬಂದ್ರೆ ಶುರುವಿಗೆ ಸಾಕು.

ಮಾಸ್ಕ್ ಹಾಕಿ ಸ್ವಾಮಿ:
ಧೂಳಿನ ಬಗ್ಗೆ ಯಾರೂ ಮಾತಾಡಿಲ್ವಲ್ಲ! ಮರದ ಧೂಳನ್ನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಲ್ಲೇ ಇಟ್ಟಿದೆ. ಹತ್ತರಿಯಿಂದ ಬರೋ ಸುರುಳಿ ಪರವಾಗಿಲ್ಲ ಬಿಡಿ, ಗುಡಿಸಿದ್ರೆ ಆಯ್ತು. ಉಪ್ಪುಕಾಗದ ಉಜ್ಜಿದಾಗ ಏಳೋ ಕಣ್ಣಿಗೆ ಕಾಣದ ಪುಡಿನೇ ಕೆಟ್ಟದ್ದು. ಎನ್95 ಮಾಸ್ಕ್ ಹಾಕಿ, ಮನೆ ಒಳಗೆ ಉಜ್ಜಬೇಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಸಣ್ಣ ಗಾಯದಲ್ಲೂ ರಕ್ತ ಬೇಗ ನಿಲ್ಲಲ್ಲ, ಡಾಕ್ಟರ್ ಹತ್ರ ಒಂದು ಮಾತು ಕೇಳಿ. ಮತ್ತೆ ಮರಕ್ಕೆ ಅಗಸೆ ಎಣ್ಣೆ ಹಚ್ಚೋಕೆ ಬಳಸಿದ ಬಟ್ಟೆನ ಮುದ್ದೆ ಮಾಡಿ ಬುಟ್ಟಿಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳತ್ತೆ, ಹರಡಿ ಒಣಗಿಸಿ ಇಲ್ಲ ನೀರಲ್ಲಿ ಅದ್ದಿಡಿ. ಹಳಬರೂ ಇದನ್ನ ನಂಬಲ್ಲ, ನಾನೂ ನಂಬಿರಲಿಲ್ಲ, ಹೊಗೆ ನೋಡಿದ್ಮೇಲೆ ನಂಬಿದೆ.

ಬಗ್ಗಿದ ಮೊಳೆ:
ಇಷ್ಟು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಟೇಬಲ್ ಸಾ ಕ್ಯಾನ್ಸಲ್, ಮನೆಯವ್ಳಿಗೆ ಖುಷಿ. ಒಂದು ಡೌಟ್, ಸ್ಟೂಲಿನ ಮೇಲಿನ ಹಲಗೆಗೆ ಅಡಿಯಿಂದ ಅಡ್ಡಪಟ್ಟಿ ಇಟ್ಟು ಅಂಟು, ಸ್ಕ್ರೂ ಎರಡೂ ಹಾಕಿ ಬಿಗಿ ಮಾಡಿದ್ರೆ ಗಟ್ಟಿ ಅಲ್ವಾ?

ಸಾಣೆಕಲ್ಲು:
ಗಟ್ಟಿಯಾಗತ್ತೆ, ಆಮೇಲೆ ಬಿರುಕು ಬಿಡತ್ತೆ! ಮರ ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇರತ್ತೆ, ಅಗಲಕ್ಕೆ ಮಾತ್ರ ತೇವದ ಗಾಳಿಗೆ ಉಬ್ಬಿ ಒಣ ಗಾಳಿಗೆ ಕುಗ್ಗತ್ತೆ. ಅಡ್ಡಪಟ್ಟಿಗೆ ಅಂಟು ಹಾಕ್ಬೇಡಿ. ನಡುವಿನ ಸ್ಕ್ರೂ ಬಿಗಿಯಾಗಿರಲಿ, ಎರಡೂ ಅಂಚಿನ ಸ್ಕ್ರೂಗೆ ಪಟ್ಟಿಯಲ್ಲಿ ಉದ್ದ ತೂತು ಮಾಡಿ, ಹಲಗೆ ಅತ್ತಿತ್ತ ಸರಿಯೋಕೆ ಜಾಗ ಸಿಗತ್ತೆ. ಕಾಲಿಗೆ ಮರ ಆರಿಸುವಾಗ ಎಳೆ ಕಾಲಿನ ಉದ್ದಕ್ಕೆ ಓಡ್ಬೇಕು, ಅಡ್ಡ ಇದ್ರೆ ಮಗು ಹತ್ತಿದ ದಿನಾನೇ ಮುರಿಯತ್ತೆ. ಗಂಟಿರೋ ತುಂಡು ಬೇಡ.

ಬಗ್ಗಿದ ಮೊಳೆ:
ಕಲ್ಲು ತಂದೆ. ಮೂರು ದಿನದಿಂದ ಉಳಿ ಮಸೀತಾ ಇದೀನಿ, ಮರ ಇನ್ನೂ ಮುಟ್ಟಿಲ್ಲ. ಮೊಮ್ಮಗಳು ಬಂದು ತಾತ, ಸ್ಟೂಲ್ ಎಲ್ಲಿ ಅಂತ ಕೇಳಿ ಹೋದ್ಲು.