ಪದಚರ್ಚೆ: ‘ಟ್ರಾಮಾ ಇನ್‌ಫಾರ್ಮ್ಡ್ ಟೀಚಿಂಗ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಪ್ರೈಮರಿ ಸ್ಕೂಲ್ ಟೀಚರ್‌ಗಳ ಕ್ಲಸ್ಟರ್ ಮೀಟಿಂಗ್‌ಗೆ ಅಂತ ಒಂದೇ ಹಾಳೆಯ ಸ್ಕೆಚ್‌ನೋಟ್ ಮಾಡ್ತಿದೀನಿ. ಕೇಳಿದ್ದನ್ನ ಓದಿದ್ದನ್ನ ಸಣ್ಣ ಚಿತ್ರ, ಬಾಣ, ಎರಡು ಮೂರು ಪದದಲ್ಲಿ ಬರೆದಿಡೋದು ಇದೆಯಲ್ಲ, ಅದು. ಇದನ್ನ ‘ಚಿತ್ರಟಿಪ್ಪಣಿ’ ಅಂತ ಕರೀತಿದೀನಿ, ಅದರಲ್ಲಿ ತಕರಾರಿಲ್ಲ. ತೊಡಕಿರೋದು ವಿಷಯದ ಹೆಸರಲ್ಲೇ: ‘ಟ್ರಾಮಾ ಇನ್‌ಫಾರ್ಮ್ಡ್ ಟೀಚಿಂಗ್’, ಅಂದ್ರೆ ಮಗು ಕಂಡುಂಡ ಕಷ್ಟ ಅದರ ಮನಸಲ್ಲಿ ಏನು ಉಳಿಸಿದೆ ಅಂತ ಅರಿತು, ಅದಕ್ಕೆ ತಕ್ಕಂಗೆ ಕಲಿಸೋದು.

ಟ್ರಾಮಾಗೆ ‘ಆಘಾತ’ ಅಂತ ರೂಢಿ ಇದೆ. ಆದ್ರೆ ಹೃದಯಾಘಾತ, ಪಾರ್ಶ್ವಾಘಾತ, ವಿದ್ಯುದಾಘಾತ ಅಂತ ಕೇಳಿ ಕೇಳಿ ಆಘಾತ ಅಂದ್ರೆ ಒಂದು ಕ್ಷಣದಲ್ಲಿ ಬಿದ್ದ ಪೆಟ್ಟು ಅನ್ನೋದೇ ಮನಸಿಗೆ ಬರುತ್ತೆ. ಟ್ರಾಮಾ ಅಂದ್ರೆ ಪೆಟ್ಟಿಗಿಂತ ಹೆಚ್ಚಾಗಿ ಅದಾದ ಮೇಲೆ ಒಳಗೆ ಉಳ್ಕೊಳೋದು. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸೀತು, ಅದು ಘಟನೆ, ಆದ್ರೆ ಅಂಥದ್ದನ್ನ ಕಂಡ ಮಗು ಆಮೇಲೆ ಮಳೆ ಸದ್ದು ಕೇಳಿದ್ರೆ ಸಾಕು ಪೆನ್ಸಿಲ್ ಕೆಳಗಿಟ್ಟು ಕಿಟಕಿ ಕಡೆನೇ ನೋಡ್ತಾ ಕೂರಬಹುದು, ಟೀಚರ್ ಕಣ್ಣಿಗೆ ಬೀಳೋದು ಅದು, ಮತ್ತೆ ಅದಕ್ಕೆ ನಾವು ‘ಗಮನ ಇಲ್ಲ’, ‘ಹಟಮಾರಿ’ ಅಂತ ಹೆಸರಿಟ್ಬಿಡ್ತೀವಿ. ಮನೇಲಿ ದಿನಾ ಹೊಡೆತ ಬಡಿತ ನೋಡೋ ಮಗೂಗಂತೂ ಇದೇ ದಿನ ಆಯ್ತು ಅಂತ ತೋರಿಸೋಕೂ ಆಗಲ್ಲ.

ಅದಕ್ಕೆ ನನ್ನ ಒಲವು ‘ಮನಸಿನ ಗಾಯ’ ಕಡೆಗೆ. ಗ್ರೀಕಲ್ಲೂ ಟ್ರಾಮಾ ಅಂದ್ರೆ ಗಾಯನೇ. ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್‌ಸಾ 2014ರಲ್ಲಿ ಕೊಟ್ಟ ನಾಕು ಸೂತ್ರನ ಈ ಪದ ಇಟ್ಕೊಂಡು ಬರೆದು ನೋಡಿದೆ: ಗಾಯ ಇರಬಹುದು ಅಂತ ಮನಗಾಣು, ಗುರುತು ಹಿಡಿ, ಅದಕ್ಕೆ ತಕ್ಕಂಗೆ ನಡ್ಕೋ, ಮತ್ತೆ ಕೆದಕಬೇಡ. ನಾಕನೇದು ಇಂಗ್ಲಿಷಲ್ಲಿ (‘ರೆಸಿಸ್ಟ್ ರೀ-ಟ್ರಾಮಟೈಸೇಶನ್’) ನಾಲಿಗೆನೇ ಹೊರಳಲ್ಲ, ಕನ್ನಡದಲ್ಲಿ ‘ಕೆದಕಬೇಡ’ ಅಂದ್ರೆ ಮುಗೀತು, ಎಲ್ಲರ ಮುಂದೆ ನಿಲ್ಲಿಸಿ ‘ನಿಮ್ಮಪ್ಪ ಎಲ್ಲಿ’ ಅಂತ ಕೇಳೋದು ಯಾಕೆ ತಪ್ಪು ಅನ್ನೋದು ಅದರಲ್ಲೇ ಬಂತು. ಗಾಯ ‘ಮಾಯುತ್ತೆ’ ಅನ್ನೋ ಭರವಸೆನೂ ಪದದ ಜೊತೆಗೇ ಬರುತ್ತೆ. ‘ಆಘಾತ-ಮಾಹಿತ ಬೋಧನೆ’ ಅಂತ ಬರೆದ್ರೆ ಪಕ್ಕದಲ್ಲಿ ಯಾವ ಚಿತ್ರ ಬಿಡಿಸಬೇಕು ಅಂತಾನೇ ಹೊಳೆಯಲ್ಲ. ನಾನು ಸದ್ಯಕ್ಕೆ ‘ಗಾಯ ಅರಿತು ಕಲಿಸೋದು’ ಅಂತ ಹಾಕಿದೀನಿ.

ಒಬ್ಬ ಗೆಳತಿ (ಆಪ್ತ ಸಮಾಲೋಚಕಿ) ಹೇಳಿದ್ದು, ಗಾಯ ಅಂದ್ಕೂಡ್ಲೇ ಟೀಚರ್‌ಗಳು ಮಗೂನ ‘ಪಾಪ’ ಅಂತ ನೋಡೋಕೆ ಶುರು ಮಾಡ್ತಾರೆ, ಆ ಕನಿಕರನೂ ಮಗೂಗೆ ಭಾರನೇ ಅಂತ. ಈ ಮಾತನ್ನ ತಳ್ಳಿಹಾಕೋಕೆ ಆಗ್ತಿಲ್ಲ, ನೀವೇನಂತೀರಿ?

ಇನ್ನೊಂದು, ‘ಟ್ರಿಗರ್’ ಆಗೋದಕ್ಕೆ, ಅಂದ್ರೆ ಯಾವುದೋ ಸದ್ದೋ ನೋಟನೋ ಹಳೇ ಗಾಯನ ಕೆದಕಿದಾಗ ಮಗು ಆಡೋ ರೀತಿಗೆ. ಊಟದ ತಟ್ಟೆ ಬಿದ್ದ ಸದ್ದಿಗೆ ಮಗು ‘ಬೆಚ್ಚಿಬೀಳುತ್ತೆ’ ಅಂತೀವಿ, ಉತ್ತರ ಕರ್ನಾಟಕದ ಕಡೆ ‘ಹೌಹಾರ್ತದ’ ಅನ್ನೋದು ಕೇಳಿದೀನಿ. ಆದ್ರೆ ಬೆಚ್ಚದೆ, ಅಳದೆ, ಕಲ್ಲಾಗಿ ಕೂತ್ಬಿಡೋ ಮಗೂಗೆ? ‘ಮಂಕಾಗಿದೆ’ ಅಂದ್ರೆ ದಡ್ಡ ಅನ್ನೋ ಅರ್ಥ ಅಂಟ್ಕೊಳುತ್ತೆ. ನಿಮ್ಮ ಕಡೆ, ಮನೇಲಿ ಅಜ್ಜಿ ಅಮ್ಮ ಇಂಥ ಮಗೂಗೆ ಏನಂತಾರೆ? ಆಡುಮಾತೇ ಬೇಕು, ಎರಡು ಪದ ದಾಟದ ಹಾಗಿದ್ರೆ ಚಿತ್ರದ ಪಕ್ಕ ಕೂರುತ್ತೆ.